ತನ್ನ ಬಾಯಿಯೊಳಗೆ ಇಣಿಕಿದ ಜವಳಿ ವ್ಯಾಪಾರಿ

ಆಂಟನಿ ವಾನ್ ಲೀವನ್‌ಹುಕ್ ಎಂಬಾತನು 1632ರಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ಜನಿಸಿದನು. ಬುಟ್ಟಿ ಹೆಣೆದು ಬಾಳುತ್ತಿದ್ದ ತಂದೆಯು ಮಗನಿಗೆ ಐದು ವರ್ಷವಾಗಿದ್ದಾಗಲೇ ತೀರಿಕೊಂಡನು. ಹುಡುಗನು ಆಮ್‌ಸ್ಟರ್‌ಡಾಮಿನಲ್ಲಿ ಜವಳಿ ವ್ಯಾಪಾರವನ್ನು ಕಲಿತು, ಊರಿಗೆ ಮರಳಿ ಅಂಗಡಿಯಿಟ್ಟನು. ಅಂದಿನ ಪಂಡಿತರ ಭಾಷೆಯಾದ ಲ್ಯಾಟಿನ್ ಆತನಿಗೆ ಬಾರದು. ಬಲ್ಲುದು ತಾಯ್ನುಡಿಯಾದ ಡಚ್ ಒಂದೇ. ಇದನ್ನು ನಾವು ಬೇಕೆಂದೇ ಮೊದಲು ಹೇಳುತ್ತಿದ್ದೇವೆ. ಕನ್ನಡದಲ್ಲಿ ವಿಜ್ಞಾನವನ್ನು ಓದಿದರೆ ಏನು ಬಂದೀತೆಂದು ನಮ್ಮ ವಿದ್ಯಾರ್ಥಿಗಳನ್ನು ಕೇಳುವವರಿಗೆ ಈ ನಗರದಲ್ಲಿ ಕೊರತೆಯಿಲ್ಲ.

ಆತನು ಗಾಜಿನ ಕಿರುಮಸೂರಗಳನ್ನು ತಾನೇ ತಯಾರಿಸಿ, ಲೋಹದ ಎರಡು ತಗಡುಗಳ ನಡುವೆ ಕೂಡಿಸುತ್ತಿದ್ದನು. ಅಂಗೈಯಲ್ಲಿ ಅಡಗುವ ಆ ಸೂಕ್ಷ್ಮದರ್ಶಕಗಳಲ್ಲಿ ಇಂದು ಉಳಿದಿರುವ ಒಂದು, ವಸ್ತುವನ್ನು ಸುಮಾರು 270 ಪಾಲು ಹಿಗ್ಗಿಸಿ ತೋರಿಸುತ್ತದೆ.

1683ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ ಆತನು ತನ್ನ ಹಲ್ಲುಗಳ ಸಂಗತಿಯನ್ನು ತಿಳಿಸಿದನು. ದಿನವೂ ಉಪ್ಪಿನಿಂದ ಉಜ್ಜಿ, ಕಡ್ಡಿಯಿಂದ ಸಂದುಗಳನ್ನು ಶುಚಿಮಾಡಿದರೂ ದವಡೆಹಲ್ಲುಗಳ ನಡುವೆ ಕಲಸಿದ ಹಿಟ್ಟಿನಂತಹ ಬಿಳಿಯ ಕೊಳೆ ಉಳಿಯುತ್ತಿತ್ತು. ಅದನ್ನು ಮಳೆನೀರಿನಲ್ಲಿ ಬೆರೆಸಿ ನೋಡಿದರೆ ಅಸಂಖ್ಯ ಜೀವಿಗಳು! ಕೆಲವು ಮೀನಿನಂತೆ ನುಗ್ಗುತ್ತಿದ್ದವು, ಕೆಲವು ಬುಗುರಿಯಂತೆ ಸುತ್ತುತ್ತಿದ್ದವು. ಎಂದೂ ಹಲ್ಲುಜ್ಜದ ಮುದುಕನೊಬ್ಬನ ಬಾಯಿಯ ಕೊಳೆಯನ್ನು ಬೆರೆಸಿದಾಗಲಂತೂ ನೀರಿಗೇ ಜೀವ ಬಂದಂತೆ ಕಂಡಿತು.

ಆತನು ಅಷ್ಟಕ್ಕೇ ನಿಲ್ಲಲಿಲ್ಲ. ತೀಕ್ಷ್ಣವಾದ ದ್ರಾಕ್ಷಾರಸದ ಹುಳಿಯಿಂದ ಬಾಯಿ ಮುಕ್ಕಳಿಸಿದನು. ಜೀವಿಗಳು ಉಳಿದೇ ಇದ್ದವು. ಅದೇ ಹುಳಿಯನ್ನು ಹೊರಗೆ, ಕೊಳೆ ಕದಡಿದ ನೀರಿಗೆ ಹಾಕಿದಾಗ ಕೂಡಲೇ ಸತ್ತವು. ಹುಳಿಯು ಕೊಳೆಯ ಮೇಲ್ಪದರವನ್ನು ಮಾತ್ರ ಮುಟ್ಟಿ ಒಳಹೊಗಲಿಲ್ಲವೆಂದು ಆತನು ಸರಿಯಾಗಿಯೇ ಊಹಿಸಿದನು. ಬರಿಯ ನೀರು ಮುಕ್ಕಳಿಸಿ ಶಾಲೆಗೆ ಓಡಿಬರುವವರು ಇದನ್ನು ಎರಡು ಸಲ ಓದಬಹುದು.

ಈ ಜೀವಿಗಳು ಕೇಡುಮಾಡುತ್ತವೆಂದು ಆತನು ಅರಿಯಲಿಲ್ಲ. ಬ್ಯಾಕ್ಟೀರಿಯಗಳು ಸಕ್ಕರೆಯನ್ನು ಆಮ್ಲವಾಗಿಸುವುದರಿಂದ ಹಲ್ಲಿನ ಗಟ್ಟಿಪದರ ಕರಗುತ್ತದೆಂಬುದೂ, ವಸಡಿನ ಅಂಚಿನಲ್ಲಿ ನಿಂತ ಕೊಳೆಯಿಂದ ವಸಡು ಬಾತು ರಕ್ತ ಒಸರುತ್ತದೆಂಬುದೂ ಬಹಳ ತಡವಾಗಿ ತಿಳಿಯಿತು. 1965ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಪ್ರಯೋಗವೊಂದರಲ್ಲಿ ಹನ್ನೆರಡು ಮಂದಿ ಹಲ್ಲುಜ್ಜುವುದನ್ನೇ ಬಿಟ್ಟರು; ಮೂರು ವಾರಗಳೊಳಗೆ ಎಲ್ಲರ ವಸಡುಗಳೂ ಕೆಟ್ಟವು. ಮತ್ತೆ ಉಜ್ಜತೊಡಗಿದ ಮೇಲೆ ವಾಸಿಯಾದವು.

ರಾಯಲ್ ಸೊಸೈಟಿಯು 1680ರಲ್ಲೇ ಲೀವನ್‌ಹುಕ್‌ನನ್ನು ಸದಸ್ಯನನ್ನಾಗಿ ಆರಿಸಿತ್ತು. ಆತನ ಡಚ್ ಪತ್ರಗಳನ್ನು ಅನುವಾದ ಮಾಡಿಸಿ ಅಚ್ಚುಹಾಕಿಸುವುದು ಆ ಪಂಡಿತರ ಪಾಲಿಗೆ ಬಂದಿತು. 1723ರ ಆಗಸ್ಟ್ 26ರಂದು, ತನ್ನ ತೊಂಬತ್ತನೆಯ ವಯಸ್ಸಿನಲ್ಲಿ, ಆತನು ಡೆಲ್ಫ್ಟಿನಲ್ಲೇ ಕಣ್ಮುಚ್ಚಿದನು. ಸೊಸೈಟಿಗೆಂದು ಬಿಟ್ಟುಹೋದ 26 ಸೂಕ್ಷ್ಮದರ್ಶಕಗಳು ಕಾಲಾನಂತರ ಕಳೆದುಹೋದವು.