ಬಾಡದ ಜಯಮಾಲೆ: ಜಿಮ್ ಥಾರ್ಪ್

ಸಂತ ಪೌಲರು ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ಓಟದ ಸ್ಪರ್ಧಿಗಳನ್ನೂ ಅವರು ಪಡೆಯುವ ಜಯಮಾಲೆಯನ್ನೂ ನೆನೆಯುತ್ತಾರೆ. ಗೆದ್ದ ಮಾಲೆಯನ್ನು ಅದು ಬಾಡುವ ಮುನ್ನವೇ ಕಳೆದುಕೊಂಡು, ಮರಣಾನಂತರ ಮರಳಿ ಪಡೆದ ಕಥೋಲಿಕ ಕ್ರೀಡಾಪಟುವೊಬ್ಬರನ್ನು ಈ ವಾರ ನಾವು ಸ್ಮರಿಸೋಣ. ಅವರೇ ಅಮೆರಿಕದ ಜಿಮ್ ಥಾರ್ಪ್.

ಇಂದಿನ ಒಕ್ಲಹೋಮಾ ರಾಜ್ಯದಲ್ಲಿ, ಸಾಕ್ ಮತ್ತು ಫಾಕ್ಸ್ ಎಂಬ ಮೂಲನಿವಾಸಿ ಜನಾಂಗದಲ್ಲಿ ಅವರ ಜನನ. ತಾಯಿ ಷಾರ್ಲಟ್ ದೈವಭಕ್ತೆಯಾದ ಕಥೋಲಿಕ ಮಹಿಳೆ. 1887ರಲ್ಲಿ ಪವಿತ್ರ ಹೃದಯದ ದೇವಾಲಯದಲ್ಲಿ ಜ್ಞಾನಸ್ನಾನ ಪಡೆದ ಶಿಶುವಿಗೆ ಜಾಕೋಬುಸ್ ಫ್ರಾನ್ಸಿಸ್ಕುಸ್ ಎಂಬ ನಾಮಕರಣವಾಯಿತು. ಬುಡಕಟ್ಟಿನ ಹೆಸರು ವಾ-ಥೋ-ಹಕ್, ಅಂದರೆ ಬೆಳಗಿದ ಹಾದಿ. ಆದರೆ ಆ ಹಾದಿಯಲ್ಲಿ ಕತ್ತಲೆಯೂ ಬೇಗನೆ ಕವಿಯಿತು. ಅವಳಿ ಸಹೋದರ ಚಾರ್ಲಿ ಬಾಲ್ಯದಲ್ಲಿಯೇ ತೀರಿಕೊಂಡ; ಹರೆಯದಲ್ಲಿ ತಾಯಿತಂದೆಯರಿಬ್ಬರೂ ಅಗಲಿದರು.

1904ರಲ್ಲಿ ಥಾರ್ಪ್ ಪೆನ್ಸಿಲ್ವೇನಿಯಾದ ಕಾರ್ಲೈಲ್ ವಸತಿಶಾಲೆಗೆ ಸೇರಿದರು. ಮೂಲನಿವಾಸಿ ಮಕ್ಕಳಿಗೆ ತಮ್ಮ ಭಾಷೆ, ಆಚಾರಗಳನ್ನು ಮರೆಸುವುದೇ ಸರಕಾರದ ಆ ಶಾಲೆಯ ಧ್ಯೇಯವಾಗಿತ್ತು. ಅಲ್ಲಿಯೇ ತರಬೇತುದಾರ ಪಾಪ್ ವಾರ್ನರ್ ಅವರ ಕೈಕೆಳಗೆ ಈ ಯುವಕನ ಪ್ರತಿಭೆ ಅರಳಿತು. ಅಮೆರಿಕನ್ ಫುಟ್‌ಬಾಲ್, ಬೇಸ್‌ಬಾಲ್, ಲಾಕ್ರಾಸ್, ಓಟ, ಜಿಗಿತ, ಎಸೆತ, ಹೀಗೆ ಕೈಯಿಟ್ಟ ಆಟದಲ್ಲೆಲ್ಲ ಅವರು ಮಿಂಚಿದರು. 1911ರಲ್ಲಿ ಕಾರ್ಲೈಲ್ ತಂಡವು ಬಲಾಢ್ಯ ಹಾರ್ವರ್ಡ್ ತಂಡವನ್ನು 18–15ರಿಂದ ಸೋಲಿಸಿದಾಗ ಜಯದ ಶಿಲ್ಪಿ ಥಾರ್ಪ್ ಅವರೇ.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಅವರು ಐದು ಸ್ಪರ್ಧೆಗಳ ಪೆಂಟಾತ್ಲಾನ್ ಹಾಗೂ ಹತ್ತು ಸ್ಪರ್ಧೆಗಳ ಡೆಕಾತ್ಲಾನ್ ಎರಡರಲ್ಲಿಯೂ ಸ್ವರ್ಣ ಪದಕ ಗೆದ್ದರು. ಡೆಕಾತ್ಲಾನ್‌ನಲ್ಲಿ ದ್ವಿತೀಯ ಸ್ಥಾನಿಗಿಂತ ಸುಮಾರು 700 ಅಂಕಗಳಷ್ಟು ಮುಂದಿದ್ದರು. ಸ್ವೀಡನ್ನಿನ ದೊರೆ ಐದನೆಯ ಗುಸ್ತಾವ್ ಅವರಿಗೆ ಬಹುಮಾನವಿತ್ತು ಗೌರವಿಸಿದರು.

ಆ ಸಂತೋಷ ಆರೇ ತಿಂಗಳು ಬಾಳಿತು. 1909 ಮತ್ತು 1910ರ ಬೇಸಿಗೆಯಲ್ಲಿ ಥಾರ್ಪ್ ಉತ್ತರ ಕೆರೊಲಿನಾದಲ್ಲಿ ಅಲ್ಪ ಹಣಕ್ಕೆ ಬೇಸ್‌ಬಾಲ್ ಆಡಿದ್ದ ಸಂಗತಿಯನ್ನು ಪತ್ರಿಕೆಯೊಂದು 1913ರ ಜನವರಿಯಲ್ಲಿ ಬಯಲು ಮಾಡಿತು. ಅಂದು ಒಲಿಂಪಿಕ್ಸ್ ಹವ್ಯಾಸಿಗಳಿಗೆ ಮಾತ್ರ ಮೀಸಲು. ಇತರ ಕಾಲೇಜುಗಳ ಅನೇಕ ಆಟಗಾರರು ಸುಳ್ಳು ಹೆಸರಿನಲ್ಲಿ ಹೀಗೆ ಸಂಪಾದಿಸುತ್ತಿದ್ದರು. ಥಾರ್ಪ್ ಸ್ವಂತ ಹೆಸರಿನಲ್ಲಿಯೇ ಆಡಿದ್ದರು. ನಿಯಮವನ್ನು ಅರಿಯದೆ ಆಡಿದೆನೆಂದು ಅವರು ಮರೆಮಾಚದೆ ಒಪ್ಪಿಕೊಂಡರು. ಆಕ್ಷೇಪವನ್ನು 30 ದಿನಗಳೊಳಗೆ ಸಲ್ಲಿಸಬೇಕೆಂಬ ನಿಯಮವಿದ್ದರೂ ಅದನ್ನು ಯಾರೂ ಲೆಕ್ಕಿಸಲಿಲ್ಲ. ಪದಕಗಳೂ ಹೋದವು, ದಾಖಲೆಗಳೂ ಅಳಿದವು.

ಆದರೂ ಅವರು ಆಟವನ್ನು ತೊರೆಯಲಿಲ್ಲ. ನ್ಯೂಯಾರ್ಕ್ ಜೈಂಟ್ಸ್ ತಂಡದಲ್ಲಿ ಬೇಸ್‌ಬಾಲ್, ಕ್ಯಾಂಟನ್ ಬುಲ್‌ಡಾಗ್ಸ್ ತಂಡದಲ್ಲಿ ಫುಟ್‌ಬಾಲ್ ಆಡಿದರು. ಮುಂದೆ ಎನ್‌ಎಫ್‌ಎಲ್ ಎಂದು ಹೆಸರಾದ ವೃತ್ತಿಪರ ಫುಟ್‌ಬಾಲ್ ಸಂಘಕ್ಕೆ 1920ರಲ್ಲಿ ಪ್ರಥಮ ಅಧ್ಯಕ್ಷರಾದರು. ಬಳಿಕದ ಬಾಳು ಕಠಿಣವಾಗಿತ್ತು. ಹಿರಿಯ ಮಗನನ್ನು ಎಳವೆಯಲ್ಲಿಯೇ ಕಳೆದುಕೊಂಡರು, ಮದ್ಯಪಾನ ಅವರನ್ನು ಕಾಡಿತು, ಸಂಸಾರ ಒಡೆಯಿತು, ಹೊಟ್ಟೆಪಾಡಿಗಾಗಿ ಗುದ್ದಲಿ ಹಿಡಿದು ಕೂಲಿಯನ್ನೂ ಮಾಡಬೇಕಾಯಿತು. 1950ರಲ್ಲಿ ಅಮೆರಿಕದ ಪತ್ರಕರ್ತರು ಅವರನ್ನು ಅರ್ಧ ಶತಮಾನದ ಶ್ರೇಷ್ಠ ಕ್ರೀಡಾಪಟುವೆಂದು ಆರಿಸಿದರಾದರೂ ಪದಕ ಮಾತ್ರ ಮರಳಲಿಲ್ಲ. 1953ರ ಮಾರ್ಚ್ 28ರಂದು ಅವರು ನಿಧನರಾದರು.

ನ್ಯಾಯ ಬಂದದ್ದು ಕಂತುಗಳಲ್ಲಿ. 1982ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಅವರನ್ನು ಸಹ-ವಿಜೇತರೆಂದು ಒಪ್ಪಿತು. 1983ರಲ್ಲಿ ಮಕ್ಕಳ ಕೈಗೆ ಪ್ರತಿರೂಪದ ಪದಕಗಳು ಬಂದವು. ಎರಡೂ ಸ್ಪರ್ಧೆಗಳ ಏಕೈಕ ವಿಜೇತರೆಂಬ ಘೋಷಣೆಗೆ 2022ರ ಜುಲೈ ತಿಂಗಳವರೆಗೆ, ಸ್ಟಾಕ್‌ಹೋಮ್ ಗೆಲುವಿನ ಬಳಿಕ 110 ವರ್ಷ, ಕಾಯಬೇಕಾಯಿತು.

ಥಾರ್ಪ್ ಸಂತರಾಗಿರಲಿಲ್ಲ. ದೇವರಿತ್ತ ತಲಾಂತನ್ನು ಮಾತ್ರ ಅವರು ನೆಲದಲ್ಲಿ ಹೂತಿಡಲಿಲ್ಲ. ಅನಾಥ, ಬಡ ಯುವಕನಿಗೆ ನಿಯಮವನ್ನು ತಿಳಿಹೇಳಬೇಕಾಗಿದ್ದ ಹಿರಿಯರು ಮೌನವಿದ್ದು, ದಂಡನೆಯ ವೇಳೆ ಅವನೊಬ್ಬನನ್ನೇ ಮುಂದೆ ನಿಲ್ಲಿಸಿದರು. ನಮ್ಮ ಕುಟುಂಬಗಳಲ್ಲಿ, ಧರ್ಮಕೇಂದ್ರಗಳಲ್ಲಿ ಬೆಳೆಯುತ್ತಿರುವ ಮಕ್ಕಳು ಎಡವಿದಾಗ, ತೀರ್ಪು ಕೊಡುವ ಮುನ್ನ ನಾವು ಅವರಿಗೆ ದಾರಿ ತೋರಿದ್ದೆವೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ. ತಡವಾದ ನ್ಯಾಯವನ್ನು ಪಡೆಯಲು ಪ್ರತಿಯೊಬ್ಬರ ಹೆಸರೂ 110 ವರ್ಷ ಉಳಿಯುವುದಿಲ್ಲ.