ಕುದ್ಮುಲ್ ರಂಗರಾಯರು

ದೀನರ ಸೇವೆ ಮಾಡುವವನು ಹೇಗಿರಬೇಕೆಂಬದಕ್ಕೆ ಮಂಗಳೂರಿನ ಕುದ್ಮುಲ್ ರಂಗರಾಯರ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ. ಇವರು 1859ರಲ್ಲಿ ಕಾಸರಗೋಡಿನ ಸೀಮೆಯ ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿ, ಉಪಾಧ್ಯಾಯರಾಗಿದ್ದು, ತರುವಾಯ ವಕೀಲರಾದರು. ದಲಿತರ ದುಃಸ್ಥಿತಿಯನ್ನು ಕಂಡು ಮರುಗಿ, 1892ರಲ್ಲಿ ಅವರ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಮೇಲ್ಜಾತಿಯ ಉಪಾಧ್ಯಾಯರು ಬರಲೊಲ್ಲದಿರಲು ಕ್ರೈಸ್ತ ಉಪಾಧ್ಯಾಯರು ಬಂದು ಕಲಿಸಿದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರೂ ರಾಯರು ಹಿಂದೆಗೆಯಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಘವನ್ನು ಸ್ಥಾಪಿಸಿ, ದಲಿತರು ಸ್ವಂತ ದುಡಿಮೆಯಿಂದ ಮಾನವಾಗಿ ಬಾಳುವಂತೆ ಓದು, ಕೈಕಸಬು, ಮನೆಯ ನೆಲ ಇವುಗಳನ್ನು ಒದಗಿಸಿದರು. 1928ರಲ್ಲಿ ರಾಯರು ತೀರಿಕೊಂಡಾಗ, ಅವರ ಇಚ್ಛೆಯಂತೆ, ಲೋಕವು ಮುಟ್ಟಬಾರದೆಂದಿದ್ದ ಕೈಗಳೇ ಅವರ ಶವವನ್ನು ಹೊತ್ತವು. ಪರರಿಗೆ ಸಹಾಯ ಮಾಡಹೊರಡುವ ನಾವೂ ಮೊದಲು ಅವರನ್ನು ನಮ್ಮ ಬಂಧುಗಳೆಂದು ಎಣಿಸೋಣ.