ವಿಜ್ಞಾನಿ ಜಗದೀಶಚಂದ್ರ ಬೋಸ್

1895ನೆಯ ಇಸವಿ. ಕಲ್ಕತ್ತೆಯ ಪುರಭವನದಲ್ಲಿ ಜನರು ಕುತೂಹಲದಿಂದ ನೆರೆದಿದ್ದರು. ಅವರ ಮುಂದೆ ಒಂದು ಪುಟ್ಟ ಯಂತ್ರವಿತ್ತು. ಅದರಿಂದ ಹೊರಟ ಕಾಣದ ಕಿರಣವು ಗೋಡೆಗಳನ್ನು ತೂರಿಹೋಗಿ ದೂರದ ಕೋಣೆಯಲ್ಲಿದ್ದ ಗಂಟೆಯನ್ನು ಬಾರಿಸಿತು. ಅಲ್ಲಿರಿಸಿದ್ದ ಸಿಡಿಮದ್ದನ್ನು ಸಿಡಿಸಿತು. ನಡುವೆ ತಂತಿಯ ಎಳೆಯೊಂದೂ ಇರಲಿಲ್ಲ. ನೋಡಿದವರಿಗೆ ಇದು ಇಂದ್ರಜಾಲದಂತೆ ತೋರಿತು. ಆದರೆ ಅದು ಇಂದ್ರಜಾಲವಲ್ಲ, ವಿಜ್ಞಾನ. ಅದನ್ನು ತೋರಿಸಿದವರು ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರಾದ ಜಗದೀಶಚಂದ್ರ ಬೋಸರು.

ಬೋಸರು ಜನಿಸಿದುದು 1858ರ ನವೆಂಬರ್ 30ರಂದು, ಬಂಗಾಳದಲ್ಲಿ. ತಂದೆ ಭಗವಾನ್‌ಚಂದ್ರರು ಸರಕಾರಿ ಅಧಿಕಾರಿ. ಅವರು ಮಗನನ್ನು ಮೊದಲು ಇಂಗ್ಲಿಷ್ ಶಾಲೆಗೆ ಕಳುಹಿಸದೆ ಬಂಗಾಳಿ ಶಾಲೆಗೆ ಸೇರಿಸಿದರು. ಅಲ್ಲಿ ಜವಾನನ ಮಗ, ಬೆಸ್ತನ ಮಗ ಬೋಸರ ಜೊತೆಗಾರರು. ಹಕ್ಕಿ, ಮೀನು, ಪ್ರಾಣಿಗಳ ಕಥೆಗಳನ್ನು ಅವರ ಬಾಯಿಂದ ಕೇಳುತ್ತ ಬಾಲಕನಲ್ಲಿ ಪ್ರಕೃತಿಯ ಮೇಲಿನ ಪ್ರೀತಿ ಚಿಗುರಿತು.

ಉನ್ನತ ವ್ಯಾಸಂಗಕ್ಕಾಗಿ ಬೋಸರು 1880ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಕಾಡುತ್ತಿದ್ದ ಜ್ವರದಿಂದಾಗಿ ವೈದ್ಯಶಾಸ್ತ್ರವನ್ನು ಬಿಡಬೇಕಾಯಿತು. ಕೇಂಬ್ರಿಜ್‌ನಲ್ಲಿ ಅವರು ಪ್ರಕೃತಿವಿಜ್ಞಾನವನ್ನು ಕಲಿತರು. ಪ್ರಸಿದ್ಧ ಭೌತವಿಜ್ಞಾನಿ ಲಾರ್ಡ್ ರ‍್ಯಾಲೆ ಅವರ ಗುರುಗಳಾಗಿದ್ದರು.

1885ರಲ್ಲಿ ಸ್ವದೇಶಕ್ಕೆ ಮರಳಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಐರೋಪ್ಯ ಪ್ರಾಧ್ಯಾಪಕರಿಗೆ ಕೊಡುತ್ತಿದ್ದ ವೇತನದ ಮೂರರಲ್ಲಿ ಒಂದು ಪಾಲನ್ನು ಮಾತ್ರ ಅವರಿಗೆ ಗೊತ್ತುಮಾಡಲಾಗಿತ್ತು. ಭಾರತೀಯನೆಂಬುದೇ ಈ ತಾರತಮ್ಯಕ್ಕೆ ಕಾರಣ. ಮನೆಯಲ್ಲಿ ತಂದೆಯ ಸಾಲದ ಹೊರೆ ಬೇರೆ ಇತ್ತು. ಆದರೂ ಬೋಸರು ತಲೆಬಾಗಲಿಲ್ಲ. ಮೂರು ವರ್ಷ ನಿಷ್ಠೆಯಿಂದ ಪಾಠ ಹೇಳಿದರು. ಸಂಬಳವನ್ನು ಮಾತ್ರ ಮುಟ್ಟಲಿಲ್ಲ. ಕೊನೆಗೆ ಅಧಿಕಾರಿಗಳೇ ಮಣಿದು ಆ ಮೂರು ವರ್ಷಗಳ ಪೂರ್ಣ ವೇತನವನ್ನು ಒಟ್ಟಿಗೆ ನೀಡಿದರು. ಆ ಹಣದಿಂದ ತಂದೆಯ ಸಾಲ ತೀರಿಸಲು ನೆರವಾಯಿತು.

ಕಾಲೇಜಿನಲ್ಲಿ ಸಂಶೋಧನೆಗೆ ತಕ್ಕ ಪ್ರಯೋಗಶಾಲೆ ಇರಲಿಲ್ಲ. ಒಂದು ಕಿರುಕೋಣೆಯನ್ನೇ ಅವರು ಪ್ರಯೋಗಶಾಲೆಯಾಗಿಸಿಕೊಂಡರು. ತಗಡಿನ ಕೆಲಸಗಾರನೊಬ್ಬನಿಗೆ ತಾವೇ ತರಬೇತಿ ಕೊಟ್ಟು ಉಪಕರಣಗಳನ್ನು ಮಾಡಿಸಿಕೊಂಡರು. ಹೈನ್ರಿಕ್ ಹರ್ಟ್ಸ್ ಎಂಬ ಜರ್ಮನ್ ವಿಜ್ಞಾನಿ 1888ರ ಹೊತ್ತಿಗೆ ವಿದ್ಯುತ್ಕಾಂತೀಯ ಅಲೆಗಳನ್ನು ಉತ್ಪಾದಿಸಿ ತೋರಿಸಿದ್ದನು. ಆ ಅಲೆಗಳು ಬಲು ಉದ್ದವಾದುದರಿಂದ ಅವುಗಳ ಅಧ್ಯಯನಕ್ಕೆ ದೊಡ್ಡ ಉಪಕರಣಗಳೇ ಬೇಕಾಗಿದ್ದವು. ಬೋಸರು 1894ರಿಂದ ಈ ಕಾರ್ಯದಲ್ಲಿ ತೊಡಗಿ, ಸುಮಾರು 5 ಮಿಲಿಮೀಟರ್‌ನಷ್ಟು ಗಿಡ್ಡ ಅಲೆಗಳನ್ನು ಉತ್ಪಾದಿಸಿದರು. ಇಂದು ನಾವು ಸೂಕ್ಷ್ಮತರಂಗಗಳೆಂದು ಕರೆಯುವುದು ಇಂತಹ ಅಲೆಗಳನ್ನೇ. ಈ ಅಲೆಗಳೂ ಬೆಳಕಿನಂತೆ ಪ್ರತಿಫಲಿಸುತ್ತವೆ, ಬಾಗುತ್ತವೆ ಎಂಬುದನ್ನು ಅವರು ತೋರಿಸಿದರು. ಬಂಗಾಳದ ಸೆಣಬಿನ ನಾರನ್ನು ಹುರಿಮಾಡಿ ಅದನ್ನೂ ಪ್ರಯೋಗಕ್ಕೆ ಬಳಸಿಕೊಂಡರು.

ಅಲೆಗಳನ್ನು ಹುಟ್ಟಿಸಲು ಅಂದು ವಿದ್ಯುತ್ ಕಿಡಿಯೊಂದೇ ದಾರಿ. ಕಿಡಿಗೆ ಒದಗಿಸಿದ ಶಕ್ತಿಯಲ್ಲಿ ಬಹುಪಾಲು ಶಾಖ, ಬೆಳಕು, ಸದ್ದುಗಳಾಗಿ ವ್ಯರ್ಥವಾಗುತ್ತಿತ್ತು. ಅಲೆಯಾಗಿ ಹೊಮ್ಮುತ್ತಿದ್ದುದು ಅಲ್ಪ ಪಾಲು. ಕಿಡಿ ತಾಗಿದ ಲೋಹವೂ ಬೇಗನೆ ಸವೆಯುತ್ತಿತ್ತು. ಬೋಸರು ಪ್ಲಾಟಿನಮ್ ಬಳಸಿ ಈ ದೋಷವನ್ನು ತಗ್ಗಿಸಿದರು. ಕ್ಷೀಣವಾದ ಅಲೆಯನ್ನೂ ಗುರುತಿಸಬಲ್ಲ ಸಾಧನವೊಂದು ಬೇಕಾಗಿತ್ತು. ಆಗ ಬಳಕೆಯಲ್ಲಿದ್ದ ಕಬ್ಬಿಣದ ಪುಡಿಯ ಸಾಧನ ನಂಬಲರ್ಹವಾಗಿರಲಿಲ್ಲ. ಬೋಸರು ಅದಕ್ಕೆ ಬದಲಾಗಿ ಗೆಲೀನವೆಂಬ ಸೀಸದ ಅದಿರಿನ ಹರಳನ್ನು ಬಳಸಿದರು. ಅರೆವಾಹಕವೊಂದನ್ನು ಹೀಗೆ ಉಪಯೋಗಿಸಿದವರಲ್ಲಿ ಅವರು ಮೊದಲಿಗರು.

1901ರಲ್ಲಿ ಲಂಡನ್ನಿನಲ್ಲಿದ್ದಾಗ ಉದ್ಯಮಿಯೊಬ್ಬರು ಬೋಸರ ಸಾಧನಕ್ಕೆ ಏಕಸ್ವಾಮ್ಯ ಪಡೆದು, ಲಾಭವನ್ನು ಹಂಚಿಕೊಳ್ಳೋಣವೆಂದರು. ಜ್ಞಾನವು ಮಾರಾಟದ ಸರಕಲ್ಲವೆಂದು ನಂಬಿದ್ದ ಬೋಸರು ಒಪ್ಪಲಿಲ್ಲ. ಮಿತ್ರರ ಒತ್ತಾಯದಿಂದ 1904ರಲ್ಲಿ ಅಮೆರಿಕದ ಏಕಸ್ವಾಮ್ಯಪತ್ರವೇನೋ ದೊರೆಯಿತು. ಅದರಿಂದ ಅವರು ಸಂಪತ್ತನ್ನು ಬಯಸಲಿಲ್ಲ. ಅಷ್ಟರಲ್ಲಿ ಅವರ ಮನಸ್ಸು ಸಸ್ಯಗಳತ್ತ ಹೊರಳಿತ್ತು. ಗಿಡದ ಬೆಳವಣಿಗೆಯನ್ನು 10,000 ಪಟ್ಟು ಹಿಗ್ಗಿಸಿ ತೋರಿಸುವ ಯಂತ್ರವನ್ನು ಅವರು ನಿರ್ಮಿಸಿದರು. 1917ರಲ್ಲಿ ಕಲ್ಕತ್ತೆಯಲ್ಲಿ ಬೋಸ್ ಸಂಶೋಧನ ಮಂದಿರವನ್ನು ಸ್ಥಾಪಿಸಿದರು. 1920ರಲ್ಲಿ ಇಂಗ್ಲೆಂಡಿನ ರಾಯಲ್ ಸೊಸೈಟಿಯ ಸದಸ್ಯತ್ವ ಅವರನ್ನು ಅರಸಿಬಂದಿತು. 1937ರ ನವೆಂಬರ್ 23ರಂದು ಗಿರಿಡಿಯಲ್ಲಿ ಅವರು ನಿಧನ ಹೊಂದಿದರು.

ಬೋಸರು ಅಲೆಯನ್ನು ಹರಳಿನಿಂದ ಗ್ರಹಿಸಿದರು; ಹರಳಿನಿಂದಲೇ ಅಲೆಯನ್ನು ಹುಟ್ಟಿಸುವ ಕಾಲ ಬಂದುದು ಅವರ ತರುವಾಯ. 1962ರಲ್ಲಿ ಜೆ. ಬಿ. ಗನ್ ಎಂಬ ವಿಜ್ಞಾನಿ, ಗ್ಯಾಲಿಯಮ್ ಆರ್ಸೆನೈಡ್ ಹರಳಿಗೆ ವಿದ್ಯುತ್ತನ್ನು ಹಾಯಿಸಿದಾಗ ಸೂಕ್ಷ್ಮತರಂಗಗಳು ಹೊಮ್ಮುವುದನ್ನು ಕಂಡನು. ಕಿಡಿಯ ಗೊಡವೆಯೇ ತಪ್ಪಿತು. ಆದರೆ ಇಂತಹ ಹರಳೂ ತನಗೊದಗಿದ ಶಕ್ತಿಯಲ್ಲಿ ಕೆಲವೇ ಶೇಕಡಾ ಪಾಲನ್ನು ಅಲೆಯಾಗಿ ಮಾರ್ಪಡಿಸುತ್ತಿತ್ತು. ಉಳಿದುದು ಶಾಖವಾಗಿ ಹೋಗುತ್ತಿತ್ತು. ಈ ನಷ್ಟವನ್ನು ಕಡಿಮೆ ಮಾಡುವ ಯತ್ನ ಅಂದಿನಿಂದ ಇಂದಿನವರೆಗೂ ನಡೆದುಬಂದಿದೆ.

ಕಿರುಕೋಣೆಯಲ್ಲಿ, ಕೈಯಾರೆ ಮಾಡಿಸಿದ ಸಾಧನಗಳಿಂದ ಬೋಸರು ತೆರೆದ ದಾರಿಯಲ್ಲಿ ಇಂದು ಜಗತ್ತಿನ ವಿಜ್ಞಾನಿಗಳು ಮುನ್ನಡೆಯುತ್ತಿದ್ದಾರೆ. ಅನ್ಯಾಯಕ್ಕೆ ಮಣಿಯದ ಸ್ವಾಭಿಮಾನ, ಕೊರತೆಗಳಿಗೆ ಕುಗ್ಗದ ಶ್ರಮ, ಲಾಭಕ್ಕೆ ಮರುಳಾಗದ ಜ್ಞಾನಪ್ರೇಮ, ಇವು ಅವರ ಬಾಳನ್ನು ಬೆಳಗಿದ ಗುಣಗಳು.